ಎಲ್ಲರ ಅಳಲು ಕೇಳಿಸಿಕೊಳ್ಳುವವರು ತಮ್ಮ ಅಳಲನ್ನು ಎಲ್ಲಿ ಇಳಿಸಬೇಕು?

ಪ್ರಶ್ನೆ: ಬಯಲುಸೀಮೆಯ ಮುಖ್ಯಶಿಕ್ಷಕಿ, ಚಳ್ಳಕೆರೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಇಲ್ಲಿ ಕಚೇರಿ, ಆಸ್ಪತ್ರೆ, ಕಾರ್ಖಾನೆಗಳಲ್ಲಿ ನಾಲ್ಕಾರು ಜನರ ಹೊಣೆ ಹೊತ್ತವರು ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನಮ್ಮ ಇಲಾಖೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಇದನ್ನು ಕೇಳುವ ಧೈರ್ಯ ನನಗಿಲ್ಲ.

ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಮುಖ್ಯಶಿಕ್ಷಕಿ. ಹದಿನೇಳು ವರ್ಷ ವಿಜ್ಞಾನ ಪಾಠ ಮಾಡಿದವಳು. ಬಡ್ತಿ ಸಿಕ್ಕಿ ಈ ಕುರ್ಚಿಯಲ್ಲಿ ಕುಳಿತು ಆರು ವರ್ಷವಾಯಿತು. ಮಂಜೂರಾದ ಹುದ್ದೆಗಳಲ್ಲಿ ಎರಡು ಖಾಲಿ ಇವೆ, ಅಲ್ಲಿಗೆ ಅತಿಥಿ ಶಿಕ್ಷಕರಿದ್ದಾರೆ. ಮಕ್ಕಳು ನೂರಹದಿನೆಂಟು. ಅರ್ಧದಷ್ಟು ಮಕ್ಕಳು ಸುತ್ತಲಿನ ಹಟ್ಟಿಗಳಿಂದ ನಡೆದು ಬರುತ್ತಾರೆ.

ಹೋದ ಗುರುವಾರ ನಡೆದದ್ದನ್ನು ಮೊದಲು ಹೇಳುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಪ್ರಗತಿ ಪರಿಶೀಲನಾ ಸಭೆ ಇತ್ತು. ನಮ್ಮ ಜಿಲ್ಲೆಯ ಕಥೆ ನಿಮಗೆಲ್ಲ ಗೊತ್ತಿರುತ್ತದೆ. 2023ರಲ್ಲಿ ಶೇ 96.80 ಫಲಿತಾಂಶ ಪಡೆದು ಚಿತ್ರದುರ್ಗ ರಾಜ್ಯಕ್ಕೇ ಮೊದಲ ಸ್ಥಾನದಲ್ಲಿತ್ತು. ಆಗ ಹಾರ, ಪೇಟ, ಸಿಹಿ ಎಲ್ಲವೂ ಆದವು. 2024ರಲ್ಲಿ ವೆಬ್‌ಕಾಸ್ಟಿಂಗ್ ಕ್ಯಾಮೆರಾಗಳ ಕಣ್ಣೆದುರು ಪರೀಕ್ಷೆ ನಡೆಯಿತು. ಇಡೀ ರಾಜ್ಯದ ಫಲಿತಾಂಶ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ನಮ್ಮ ಜಿಲ್ಲೆ ಪಟ್ಟಿಯಲ್ಲಿ ಬಹಳ ಕೆಳಕ್ಕೆ ಜಾರಿತು. ನಮ್ಮ ಶಾಲೆಯಲ್ಲಿ ಆ ವರ್ಷ ನಲವತ್ತೊಂದು ಮಕ್ಕಳಲ್ಲಿ ಇಪ್ಪತ್ತಾರು ಮಂದಿ ತೇರ್ಗಡೆಯಾದರು. ಅಂದಿನಿಂದ ಪ್ರತಿ ಸಭೆಯಲ್ಲೂ ಆ ಇಪ್ಪತ್ತಾರು ನನ್ನ ಬೆನ್ನು ಬಿಟ್ಟಿಲ್ಲ.

ಗುರುವಾರದ ಸಭೆಯಲ್ಲಿ, ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹಿಂದೆ ಬಿದ್ದ ಶಾಲೆಗಳ ಹೆಸರು ಓದಿ ಒಬ್ಬೊಬ್ಬರನ್ನೇ ಎದ್ದು ನಿಲ್ಲಲು ಹೇಳಿದರು. ನಾನೂ ನಿಂತೆ. ನಲವತ್ತೆಂಟು ವರ್ಷದ ಹೆಂಗಸು. ನನ್ನ ಹಿಂದಿನ ಸಾಲಿನಲ್ಲಿ ನನ್ನ ಕೈಯಲ್ಲೇ ಕಲಿತು ಈಗ ಇನ್ನೊಂದು ಶಾಲೆಯಲ್ಲಿ ಶಿಕ್ಷಕನಾಗಿರುವ ಹುಡುಗನಿದ್ದ. ‘ಲೆಕ್ಕ ಕೊಡಿ. ಇಷ್ಟು ಬೇಜವಾಬ್ದಾರಿ ಇದ್ದರೆ ಈ ಜಾಗದಲ್ಲಿ ಯಾಕೆ ಇದ್ದೀರಿ?’ ಎಂದರು. ನಾನು ಏನೂ ಹೇಳಲಿಲ್ಲ. ಕುಳಿತುಕೊಳ್ಳಿ ಎಂದ ಮೇಲೆ ಕುಳಿತೆ.

ಒಂದೂಕಾಲಿಗೆ ಬಸ್ಸಿಳಿದು ಶಾಲೆಗೆ ಬಂದಾಗ ಮಕ್ಕಳು ಊಟದ ಸಾಲಿನಲ್ಲಿದ್ದರು. ಹತ್ತನೇ ತರಗತಿಯ ಮೂರು ಹುಡುಗರ ತಟ್ಟೆಯಲ್ಲಿ ಮೊಟ್ಟೆ ಇರಲಿಲ್ಲ. ನಾನು ನೇರವಾಗಿ ಅಡುಗೆ ಕೋಣೆಗೆ ಹೋದೆ. ಆಕೆ ಹನ್ನೊಂದು ವರ್ಷದಿಂದ ನಮ್ಮ ಮಕ್ಕಳಿಗೆ ಅಡುಗೆ ಮಾಡುತ್ತಿರುವ ಹೆಂಗಸು, ನನ್ನದೇ ವಯಸ್ಸು. ಅಲ್ಯೂಮಿನಿಯಂ ಬೋಗುಣಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಮಕ್ಕಳೆಲ್ಲ ಕೇಳಿಸಿಕೊಳ್ಳುವಂತೆ ಕೂಗಿದೆ. ಆಕೆ ತಲೆ ಎತ್ತದೆ, ‘ಮೂರು ಬೇಯುವಾಗಲೇ ಒಡೆದು ನೀರಿಗೆ ಹೋದವು ಮೇಡಂ. ನಾಳೆ ನನ್ನ ಕೈಯಿಂದ ತಂದು ಕೊಡುತ್ತೇನೆ’ ಎಂದಳು. ಆಕೆಯ ಬೆರಳ ತುದಿಗಳು ಬಿಸಿ ಮೊಟ್ಟೆ ಸುಲಿದು ಸುಲಿದು ಕೆಂಪಾಗಿದ್ದವು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸಿಪ್ಪೆಯ ಒಂದು ಬಿಳಿ ಚೂರು ಸಿಕ್ಕಿಕೊಂಡಿತ್ತು. ನಾನು ಅದನ್ನು ನೋಡುತ್ತಲೇ ಇನ್ನೂ ಎರಡು ಮಾತು ಆಡಿದೆ.

ರಾತ್ರಿ ಮಲಗಿದಾಗ ನನಗೆ ಹೊಳೆಯಿತು. ಆಕೆಗೆ ನಾನು ಹೇಳಿದ್ದು ‘ಲೆಕ್ಕ ಕೊಡು’ ಎಂದು. ಆಮೇಲೆ ಹೇಳಿದ್ದು ‘ಬೇಜವಾಬ್ದಾರಿ’ ಎಂದು. ಬೆಳಿಗ್ಗೆ ನನ್ನ ಕಿವಿಗೆ ಬಿದ್ದ ಶಬ್ದಗಳನ್ನೇ, ಒಂದಕ್ಷರ ಬದಲಿಸದೆ, ಮೂರು ಗಂಟೆಯೊಳಗೆ ನನಗಿಂತ ಕೈಸೋತವಳ ಮೇಲೆ ಹಾಕಿದ್ದೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ನನ್ನ ಕೋಣೆಗೆ ದಿನವೂ ಯಾರಾದರೂ ಬಂದು ಏನಾದರೂ ಹೇಳಿಕೊಳ್ಳುತ್ತಾರೆ. ಅತಿಥಿ ಶಿಕ್ಷಕನಿಗೆ ನಾಲ್ಕು ತಿಂಗಳ ಗೌರವಧನ ಬಂದಿಲ್ಲ, ಬಾಡಿಗೆ ಕಟ್ಟಿಲ್ಲ. ಗಣಿತದ ಮೇಡಂ ಮನೆಯಲ್ಲಿ ಹೇಳಬಾರದಂಥ ಕಷ್ಟ. ಚೆನ್ನಾಗಿ ಓದುತ್ತಿದ್ದ ಒಬ್ಬ ಹುಡುಗ ಕುರಿಗಳ ಹಿಂದೆ ಹೋಗಿಬಿಟ್ಟಿದ್ದಾನೆ, ಅವನ ಅಪ್ಪನಿಗೆ ಬೇರೆ ದಾರಿ ಇಲ್ಲ. ನವೆಂಬರಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಗೆ ಮದುವೆ ಗೊತ್ತುಮಾಡಿದ್ದರು. ರಾತ್ರಿ ಒಂಬತ್ತರವರೆಗೆ ಅವರ ಮನೆಯ ಜಗುಲಿಯಲ್ಲಿ ಕುಳಿತು ಮಾತಾಡಿ, ಕೊನೆಗೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುತ್ತೇನೆ ಎಂದು ಹೇಳಿ ನಿಲ್ಲಿಸಿದೆ. ಆ ಹುಡುಗಿ ಈಗಲೂ ಶಾಲೆಗೆ ಬರುತ್ತಾಳೆ, ಆದರೆ ನನ್ನ ಮುಖ ನೋಡುವುದಿಲ್ಲ. ಇದನ್ನೆಲ್ಲ ನಾನು ಕೇಳಿಸಿಕೊಳ್ಳುತ್ತೇನೆ, ಆದಷ್ಟು ಮಾಡುತ್ತೇನೆ. ಕೇಳಿಸಿಕೊಂಡದ್ದು ಮಾತ್ರ ಒಳಗೇ ಉಳಿಯುತ್ತದೆ. ಮನೆಯವರು ಒಳ್ಳೆಯವರು, ಆದರೆ ‘ಬಿಡು, ಎಲ್ಲರಿಗೂ ಇರುವುದೇ’ ಎನ್ನುತ್ತಾರೆ. ಶಾಲೆಯ ಸಹೋದ್ಯೋಗಿಗಳ ಮುಂದೆ ಹೇಳಿದರೆ ಅವರ ಬೆನ್ನೂ ಬಗ್ಗುತ್ತದೆ.

ಎರಡು ವರ್ಷದ ಹಿಂದೆ ಒತ್ತಡ ನಿರ್ವಹಣೆಯ ಒಂದು ದಿನದ ತರಬೇತಿಗೆ ಹೋಗಿದ್ದೆ. ಕಣ್ಣು ಮುಚ್ಚಿ ಉಸಿರಾಡಿಸಿದರು. ಆ ಹೊತ್ತಿಗೆ ಹಾಯೆನಿಸಿತು, ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ನನಗೆ ಬೇಕಾಗಿರುವುದು ಅದಲ್ಲ ಎನಿಸುತ್ತಿದೆ. ನಾನು ಹೀಗೆ ಮಾಡಿದೆ, ಯಾಕೆ ಮಾಡಿದೆ, ಬೇರೆ ಹೇಗೆ ಮಾಡಬಹುದಿತ್ತು ಎಂದು ಯಾರ ಮುಂದಾದರೂ ಬಿಡಿಸಿ ನೋಡಬೇಕು. ಅದು ಸಭೆಯೂ ಆಗಬಾರದು, ದೂರು ಹೇಳುವುದೂ ಆಗಬಾರದು, ತಾಲ್ಲೂಕೆಲ್ಲ ಹರಡಲೂಬಾರದು.

ನೀವು ಏನು ಮಾಡುತ್ತೀರಿ? ಯಾರ ಮುಂದೆ ಹೇಳುತ್ತೀರಿ? ಇಂಥದ್ದು ಬೇಕು ಅನ್ನಿಸುವುದೇ ನನ್ನಲ್ಲಿ ಕಸುವಿಲ್ಲ ಎಂಬುದರ ಲಕ್ಷಣವೇ?

---

ಉತ್ತರ 1: ನಿವೃತ್ತ ಮೇಷ್ಟ್ರು, ಹೊಳಲ್ಕೆರೆ

ತಾಯಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಕಸುವಿಲ್ಲದವರು ರಾತ್ರಿ ಒಂಬತ್ತರವರೆಗೆ ಇನ್ನೊಬ್ಬರ ಜಗುಲಿಯಲ್ಲಿ ಕುಳಿತು ಮಗುವಿನ ಮದುವೆ ನಿಲ್ಲಿಸುವುದಿಲ್ಲ.

ನಾನು ಸಮಾಜ ವಿಜ್ಞಾನದ ಮೇಷ್ಟ್ರು, ಕೊನೆಯ ಒಂಬತ್ತು ವರ್ಷ ಮುಖ್ಯೋಪಾಧ್ಯಾಯನಾಗಿದ್ದೆ. ನಾವು ನಾಲ್ವರು ಮುಖ್ಯಶಿಕ್ಷಕರು, ಬೇರೆ ಬೇರೆ ಶಾಲೆಯವರು, ತಿಂಗಳ ಮೊದಲ ಶನಿವಾರ ಬೆಳಗಿನ ಶಾಲೆ ಮುಗಿಸಿ ಚಿತ್ರದುರ್ಗಕ್ಕೆ ಬಂದು ಚಂದ್ರವಳ್ಳಿಯಲ್ಲಿ ಸೇರುತ್ತಿದ್ದೆವು. ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ ಇದೆಯಲ್ಲ, ಅದರಿಂದ ಸ್ವಲ್ಪ ಮುಂದೆ ನೆರಳಿರುವ ಬಂಡೆಯೊಂದಿತ್ತು. ಇಲಾಖೆಯವರು ಯಾರೂ ಆ ಹೊತ್ತಿನಲ್ಲಿ ಅತ್ತ ಬರುವುದಿಲ್ಲ, ಹಾಗಾಗಿ ಆ ಜಾಗ. ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆವು.

ಮೊದಲ ನಾಲ್ಕೈದು ತಿಂಗಳು ಏನೂ ಆಗಲಿಲ್ಲ. ವರ್ಗಾವಣೆ, ತುಟ್ಟಿಭತ್ಯೆ, ಯಾರು ಯಾರ ಕಾಲು ಹಿಡಿದರು, ಇದೇ ಮಾತು. ಮನೆಗೆ ಬರುವಾಗ ಮನಸ್ಸು ಇನ್ನಷ್ಟು ಭಾರವಾಗಿರುತ್ತಿತ್ತು. ನಿಮ್ಮಲ್ಲೂ ಮೊದಲು ಹೀಗೇ ಆಗುತ್ತದೆ, ಬಿಡಬೇಡಿ.

ಒಂದು ಶನಿವಾರ ನಮ್ಮಲ್ಲಿ ಎಲ್ಲರಿಗಿಂತ ಕಡಿಮೆ ಮಾತಿನವರು ಬಾಯಿ ಬಿಟ್ಟರು. ಅವರ ಶಾಲೆಯ ಎಂಟನೇ ತರಗತಿಯ ಹುಡುಗ ಭಾನುವಾರ ಕೃಷಿ ಹೊಂಡದಲ್ಲಿ ಮುಳುಗಿ ತೀರಿಕೊಂಡಿದ್ದ. ಹದಿನೈದು ದಿನ ಕಳೆದಿದ್ದವು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆಯಬೇಕು. ತರಗತಿಯ ಶಿಕ್ಷಕಿ ಎಳೆಯಲಾಗದೆ ಪುಸ್ತಕವನ್ನು ಇವರ ಮೇಜಿನ ಮೇಲಿಟ್ಟು ಹೋಗಿದ್ದಾರೆ. ಇವರು ಅಳತೆಪಟ್ಟಿ ಇಟ್ಟು, ಪೆನ್ನು ತೆಗೆದು, ಮತ್ತೆ ಮುಚ್ಚಿ, ದಿನವೂ ಹೀಗೇ ಮಾಡುತ್ತಿದ್ದರಂತೆ. ‘ಅಷ್ಟು ದಿನವೂ ಹಾಜರಿ ಕರೆಯುವಾಗ ಅವನ ಹೆಸರು ಬಂದಲ್ಲಿ ಮಕ್ಕಳು ಸುಮ್ಮನಾಗುತ್ತಿದ್ದಾರೆ. ನಾನು ಗೆರೆ ಎಳೆಯದೆ ಅವರನ್ನೂ ಕಾಡಿಸುತ್ತಿದ್ದೇನೆ’ ಎಂದರು. ನಾವು ಮೂವರು ಒಂದು ಮಾತೂ ಆಡಲಿಲ್ಲ. ಬಹಳ ಹೊತ್ತಿನ ಮೇಲೆ ಒಬ್ಬರು, ‘ಆ ಹುಡುಗ ಎಲ್ಲಿ ಕುಳಿತುಕೊಳ್ಳುತ್ತಿದ್ದ?’ ಎಂದು ಕೇಳಿದರು. ಆ ಒಂದು ಪ್ರಶ್ನೆಗೆ ಅವರು ಅರ್ಧ ಗಂಟೆ ಮಾತಾಡಿದರು. ಸೋಮವಾರ ಮಕ್ಕಳ ಮುಂದೆಯೇ ಎರಡು ನಿಮಿಷ ಎದ್ದು ನಿಂತು, ಆಮೇಲೆ ಗೆರೆ ಎಳೆದರಂತೆ.

ಆ ದಿನದಿಂದ ನಮ್ಮ ಕೂಟಕ್ಕೆ ಒಂದು ಕಟ್ಟುಪಾಡು ಬಂತು. ಒಂದು ಸಲಕ್ಕೆ ಒಬ್ಬರದೇ ವಿಷಯ. ಉಳಿದವರು ಪ್ರಶ್ನೆ ಮಾತ್ರ ಕೇಳಬೇಕು, ಅದೂ ತಿಳಿದುಕೊಳ್ಳಲು, ತಪ್ಪು ತೋರಿಸಲು ಅಲ್ಲ. ‘ನಾನಾಗಿದ್ದರೆ’ ಎಂಬ ಶಬ್ದ ಯಾರ ಬಾಯಲ್ಲೂ ಬರಕೂಡದು. ಶಿಕ್ಷಕರ, ಮಕ್ಕಳ ಹೆಸರು ಹೇಳಕೂಡದು. ಮೇಷ್ಟ್ರುಗಳಿಗೆ ಉಪದೇಶ ನಾಲಿಗೆಯ ತುದಿಯಲ್ಲೇ ಇರುತ್ತದೆ, ಅದನ್ನು ನುಂಗುವುದು ಕಲಿಯಲು ನನಗೆ ವರ್ಷವೇ ಹಿಡಿಯಿತು.

ಇನ್ನು ಆ ಅಡುಗೆಯವರ ವಿಷಯ. ನೀವು ಮಕ್ಕಳ ಮುಂದೆ ಕೂಗಿದಿರಿ. ಕೋಣೆಗೆ ಕರೆದು ಗುಟ್ಟಾಗಿ ‘ಬೇಜಾರು ಮಾಡಿಕೊಳ್ಳಬೇಡ’ ಎಂದರೆ ಸಾಲದು. ಎಲ್ಲಿ ಮಾತು ಬಿದ್ದಿತೋ ಅಲ್ಲಿಂದಲೇ ಎತ್ತಿಕೊಳ್ಳಬೇಕು.

---

ಉತ್ತರ 2: ಆಪ್ತಸಮಾಲೋಚಕಿ, ದಾವಣಗೆರೆ

ಮೇಡಂ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ‘ಲೆಕ್ಕ ಕೊಡು’, ‘ಬೇಜವಾಬ್ದಾರಿ’ ಎಂಬ ಎರಡು ಶಬ್ದಗಳನ್ನು ನೀವೇ ಹಿಡಿದಿರಲ್ಲ, ನಮ್ಮ ವೃತ್ತಿಯಲ್ಲಿ ಅದನ್ನು ಹಿಡಿಯುವುದನ್ನು ಕಲಿಸಲು ವರ್ಷಗಟ್ಟಲೆ ಬೇಕಾಗುತ್ತದೆ. ಒಂದು ಸಂಬಂಧದಲ್ಲಿ ಅನುಭವಿಸಿದ್ದು ನಮಗೆ ಗೊತ್ತಿಲ್ಲದೆಯೇ ಇನ್ನೊಂದು ಸಂಬಂಧದಲ್ಲಿ ಮರುಕಳಿಸುವುದನ್ನು ಹೆರಾಲ್ಡ್ ಸರ್ಲ್ಸ್ ಎಂಬ ಅಮೆರಿಕದ ಮನೋವೈದ್ಯರು 1955ರಲ್ಲೇ ಬರೆದಿದ್ದಾರೆ. ಅವರು ನೋಡಿದ್ದು ರೋಗಿ, ಚಿಕಿತ್ಸಕ, ಚಿಕಿತ್ಸಕನ ಮೇಲ್ವಿಚಾರಕ, ಈ ಮೂವರ ನಡುವೆ. ನಿಮ್ಮಲ್ಲಿ ಅದು ಸಭಾಂಗಣದಿಂದ ಹೊರಟು ನಿಮ್ಮ ಮೂಲಕ ಅಡುಗೆ ಕೋಣೆಗೆ ಬಂತು. ಇದನ್ನು ಸ್ವಭಾವದ ದೋಷ ಎಂದು ಬರೆದುಕೊಳ್ಳಬೇಡಿ. ನಡುವೆ ನಿಂತು ನೋಡಲು ಒಂದು ತಾಣವಿಲ್ಲದಿದ್ದರೆ ಯಾರಲ್ಲಿಯೂ ಹೀಗಾಗುತ್ತದೆ.

ಆ ತಾಣಕ್ಕೆ ನಮ್ಮಲ್ಲಿ ರಿಫ್ಲೆಕ್ಟಿವ್ ಸೂಪರ್‌ವಿಷನ್ ಎನ್ನುತ್ತಾರೆ. ಸೂಪರ್‌ವಿಷನ್ ಎಂದ ಕೂಡಲೇ ನಿಮಗೆ ತಪಾಸಣೆ ನೆನಪಾಗುತ್ತದೆ, ಇದು ಹಾಗಲ್ಲ. ನಾನು ಹದಿನೈದು ದಿನಕ್ಕೊಮ್ಮೆ ಒಬ್ಬ ಹಿರಿಯರ ಮುಂದೆ ಕುಳಿತು, ಈ ವಾರ ಯಾರ ಮಾತು ಕೇಳುವಾಗ ನನಗೆ ಸಿಟ್ಟು ಬಂತು, ಯಾರು ಬಾರದಿದ್ದರೆ ಸಾಕು ಅನ್ನಿಸಿತು, ಯಾರನ್ನು ಮನೆಗೆ ಹೊತ್ತುಕೊಂಡು ಹೋದೆ ಎಂದು ಹೇಳುತ್ತೇನೆ. ಅವರು ನನಗೆ ಅಂಕ ಕೊಡುವುದಿಲ್ಲ. ಬಡ್ತಿಗೂ ಅದಕ್ಕೂ ಸಂಬಂಧವಿಲ್ಲ. ಇಷ್ಟು ಇದ್ದರೆ ಮಾತ್ರ ನಿಜ ಹೊರಬರುತ್ತದೆ. ಆದ್ದರಿಂದ ನಿಮ್ಮ ಮೇಲಧಿಕಾರಿ ಎಷ್ಟೇ ಒಳ್ಳೆಯವರಿದ್ದರೂ ಈ ಕೆಲಸಕ್ಕೆ ಅವರು ಬೇಡ.

ಮೇಷ್ಟ್ರು ಹೇಳಿದ ಚಂದ್ರವಳ್ಳಿಯ ಬಂಡೆಯನ್ನು ಓದುವಾಗ ನನಗೆ ಮೈ ಜುಮ್ಮೆಂದಿತು. 1950ರ ದಶಕದಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಮೈಕೇಲ್ ಬಾಲಿಂಟ್ ಮತ್ತು ಎನಿಡ್ ಬಾಲಿಂಟ್ ದಂಪತಿ ಸಾಮಾನ್ಯ ವೈದ್ಯರನ್ನು ಕೂರಿಸಿ ನಡೆಸಿದ ಕೂಟಗಳೂ ಹೆಚ್ಚು ಕಡಿಮೆ ಹೀಗೇ ಇದ್ದವು. ಒಬ್ಬ ವೈದ್ಯ ತನ್ನನ್ನು ಕಾಡುತ್ತಿರುವ ಒಬ್ಬ ರೋಗಿಯ ವಿಷಯ ಹೇಳಬೇಕು, ಕಾಗದ ನೋಡದೆ. ಉಳಿದವರು ರೋಗಕ್ಕಿಂತ ಹೆಚ್ಚಾಗಿ ಆ ವೈದ್ಯ ಮತ್ತು ರೋಗಿಯ ನಡುವೆ ಏನಾಗುತ್ತಿದೆ ಎಂದು ಯೋಚಿಸಬೇಕು. ಇಂದಿಗೂ ಜಗತ್ತಿನ ಹಲವೆಡೆ ವೈದ್ಯರು ಬಾಲಿಂಟ್ ಗುಂಪುಗಳಲ್ಲಿ ಸೇರುತ್ತಾರೆ. ಅಲ್ಲಿ ನನಗೆ ಬಹಳ ಇಷ್ಟವಾದ ಒಂದು ಪದ್ಧತಿ ಇದೆ. ವಿಷಯ ಹೇಳಿ ಮುಗಿಸಿದವರು ತಮ್ಮ ಕುರ್ಚಿಯನ್ನು ಒಂದಡಿ ಹಿಂದಕ್ಕೆ ಸರಿಸಿಕೊಳ್ಳುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ಮಾತಾಡುವ ಹಾಗಿಲ್ಲ. ಉಳಿದವರು ತಮ್ಮ ತಮ್ಮಲ್ಲಿ, ‘ಆ ಹುಡುಗಿಗೆ ಮೇಡಂ ಮುಖ ನೋಡಿದರೆ ಏನು ನೆನಪಾಗುತ್ತಿರಬಹುದು?’ ಎಂದು ಮಾತಾಡಿಕೊಳ್ಳುತ್ತಾರೆ. ನಿಮ್ಮ ಕಥೆಯನ್ನು ನೀವೇ ಹೊರಗಿನಿಂದ ಕೇಳುತ್ತೀರಿ. ಸಮರ್ಥಿಸಿಕೊಳ್ಳುವ ಹಂಗು ಆ ಹೊತ್ತಿಗೆ ಇರುವುದಿಲ್ಲ.

ಮೂರು ಜನ ಸಾಕು. ಐದಕ್ಕಿಂತ ಹೆಚ್ಚು ಬೇಡ. ದಿನ, ಹೊತ್ತು, ಜಾಗ ಗೊತ್ತಿರಲಿ, ‘ಬಿಡುವಾದಾಗ ಸೇರೋಣ’ ಎಂದದ್ದು ಎಂದೂ ಸೇರುವುದಿಲ್ಲ. ಆ ಹೊತ್ತಿನಲ್ಲಿ ಮೊಬೈಲ್ ಚೀಲದೊಳಗಿರಲಿ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ವರ್ಗೀಕರಣದಲ್ಲಿ ‘ಬರ್ನ್‌ಔಟ್’ ಎಂಬುದನ್ನು ವಿವರಿಸಿದಾಗ ಅದನ್ನು ಕಾಯಿಲೆ ಎನ್ನಲಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದಿಂದ ಬರುವಂಥದ್ದು ಅದು. ಮೈಮನಸ್ಸು ಬತ್ತಿದಂತಾಗುವುದು, ಕೆಲಸದ ಮೇಲೆ ಜಿಗುಪ್ಸೆ, ತನ್ನಿಂದ ಏನೂ ಆಗುವುದಿಲ್ಲ ಎಂಬ ಭಾವ, ಇವು ಮೂರು ಅದರ ಮುಖಗಳು. ಕೂಟದಲ್ಲಿ ಕುಳಿತು ಇದನ್ನು ಹಗುರ ಮಾಡಿಕೊಳ್ಳಬಹುದು. ಆದರೆ ಎರಡು ವಾರಕ್ಕೂ ಮೀರಿ ದಿನವಿಡೀ ಮನಸ್ಸು ಕುಗ್ಗಿಯೇ ಇದ್ದರೆ, ಊಟ ನಿದ್ದೆ ಕೆಟ್ಟರೆ, ಮೊದಲು ಖುಷಿ ಕೊಡುತ್ತಿದ್ದುದು ಯಾವುದೂ ರುಚಿಸದಿದ್ದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ, ಆಗ ಗೆಳೆಯರ ಕೂಟಕ್ಕೆ ಕಾಯಬೇಡಿ. 14416 ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುತ್ತದೆ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗವೂ ಇದೆ. ಅಲ್ಲಿಗೆ ಹೋದರೆ ಯಾರಾದರೂ ನೋಡಿಯಾರು ಎಂಬ ಅಂಜಿಕೆ ಶಿಕ್ಷಕರಲ್ಲಿ ಹೆಚ್ಚು. ನಿಮಗೆ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಹಳ್ಳಿಯ ಆರೋಗ್ಯ ಕೇಂದ್ರದವರೆಗೆ ಮನಸ್ಸಿನ ಚಿಕಿತ್ಸೆಯನ್ನು ಒಯ್ದು ತೋರಿಸಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಮ್ಮ ಬಯಲುಸೀಮೆಯವರು ದೇಶಕ್ಕೆ ದಾರಿ ತೋರಿಸಿದ ವಿಷಯದಲ್ಲಿ ನಾವೇ ನಾಚಿಕೊಳ್ಳುವುದು ಬೇಡ.

---

ಉತ್ತರ 3: ಹೊಲಿಗೆ ಘಟಕದ ಮೇಲ್ವಿಚಾರಕ, ದಾವಣಗೆರೆ

ಮೇಲಿನ ಇಬ್ಬರ ಮಾತೂ ಸರಿ. ಆದರೆ ನನಗೆ ಒಂದು ತಕರಾರಿದೆ, ಅದನ್ನು ಹೇಳಲೇಬೇಕು.

ನಾನು ಸಿದ್ಧ ಉಡುಪು ಘಟಕದಲ್ಲಿ ಎರಡು ಲೈನ್ ನೋಡಿಕೊಳ್ಳುತ್ತೇನೆ, ಎಂಬತ್ತು ಟೈಲರ್‌ಗಳು, ಹೆಚ್ಚಿನವರು ಹೆಣ್ಣುಮಕ್ಕಳು. ನಮ್ಮಪ್ಪ ಇಲ್ಲಿನ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲ. ಗಿರಣಿಗಳು ಒಂದೊಂದಾಗಿ ಮುಚ್ಚಿದ್ದನ್ನು ನಮ್ಮ ಮನೆಯ ಒಲೆ ಕಂಡಿದೆ. ಅದಕ್ಕೇ ಹೇಳುತ್ತೇನೆ: ಮೇಲಿನ ವ್ಯವಸ್ಥೆ ಕೆಟ್ಟಾಗ ಕೆಳಗಿರುವವರು ತಮ್ಮ ಮನಸ್ಸನ್ನು ಸರಿಮಾಡಿಕೊಂಡರೆ ಎಲ್ಲ ಸರಿಯಾಗುತ್ತದೆ ಎಂಬ ಮಾತಿಗೆ ನಾನು ಒಪ್ಪುವುದಿಲ್ಲ. ಎರಡು ಹುದ್ದೆ ಖಾಲಿ ಇಟ್ಟು, ಅತಿಥಿ ಶಿಕ್ಷಕನಿಗೆ ನಾಲ್ಕು ತಿಂಗಳು ದುಡ್ಡು ಕೊಡದೆ, ನಿಮ್ಮನ್ನು ಎದ್ದು ನಿಲ್ಲಿಸಿ ಲೆಕ್ಕ ಕೇಳಿದರಲ್ಲ, ಆ ಲೆಕ್ಕವನ್ನು ನೀವೇಕೆ ಒಬ್ಬರೇ ಹೊರುತ್ತೀರಿ?

ನಮ್ಮಲ್ಲಿ ಗಂಟೆಗೊಮ್ಮೆ ಹಲಗೆಯ ಮೇಲೆ ಎಷ್ಟು ಪೀಸ್ ಆಯಿತು ಎಂದು ಬರೆಯುತ್ತಾರೆ. ಗುರಿ ತಪ್ಪಿದ ಲೈನ್ ಹೆಸರನ್ನು ಮೈಕಿನಲ್ಲಿ ಕೂಗುವ ಪದ್ಧತಿ ಇತ್ತು. ಕೂಗಿದ ಮರುಗಂಟೆಯಲ್ಲಿ ಏನಾಗುತ್ತದೆ ಎಂದು ನಾನು ಒಂದು ತಿಂಗಳು ನನ್ನ ಡೈರಿಯಲ್ಲಿ ಬರೆದಿಟ್ಟೆ. ಕೈ ನಡುಗಿ ಹೊಲಿಗೆ ತಪ್ಪುತ್ತಿತ್ತು, ಬಿಚ್ಚಿ ಮತ್ತೆ ಹೊಲಿಯುವ ಪೀಸ್‌ಗಳೇ ಹೆಚ್ಚಾಗುತ್ತಿದ್ದವು. ಆ ಡೈರಿ ಹಿಡಿದು ನಾವು ಐದು ಜನ ಮೇಲ್ವಿಚಾರಕರು ಒಟ್ಟಿಗೆ ಮ್ಯಾನೇಜರ್ ಕೋಣೆಗೆ ಹೋದೆವು. ಒಬ್ಬನೇ ಹೋಗಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಮೈಕು ನಿಂತಿತು. ಗುರಿ ಕಡಿಮೆಯಾಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಬೈಗುಳ ನಿಂತಿತು.

ಕೂಟ ಮಾಡಿ ಮೇಡಂ, ಖಂಡಿತ ಮಾಡಿ. ಆದರೆ ಅಲ್ಲಿ ಮನಸ್ಸು ಹಗುರ ಮಾಡಿಕೊಂಡು ಎದ್ದು ಬಂದುಬಿಡಬೇಡಿ. ಮೂವರೂ ನಾಲ್ವರೂ ಹೇಳಿದ್ದರಲ್ಲಿ ಒಂದೇ ಸಂಗತಿ ಮತ್ತೆ ಮತ್ತೆ ಬಂದರೆ ಅದು ನಿಮ್ಮ ಮನಸ್ಸಿನ ವಿಷಯವಲ್ಲ, ಬರೆದು ಮೇಲಕ್ಕೆ ಕಳಿಸಬೇಕಾದ ವಿಷಯ.

ನಾನು ಯಾರ ಮುಂದೆ ಹೇಳುತ್ತೇನೆ ಎಂದು ಕೇಳಿದಿರಿ. ಸಂಜೆ ಮನೆಗೆ ಹೋಗುವ ಮೊದಲು ಕುಂದವಾಡ ಕೆರೆಯ ಏರಿಯ ಮೇಲೆ ಗಾಡಿ ನಿಲ್ಲಿಸಿ ಕಾಲು ಗಂಟೆ ಕುಳಿತುಕೊಳ್ಳುತ್ತೇನೆ. ಇವತ್ತು ಯಾರ ಮೇಲೆ ದನಿ ಎತ್ತಿದೆ, ಅದು ಅವರಿಗೆ ಸಲ್ಲಬೇಕಾದದ್ದೇ ಎಂದು ಕೇಳಿಕೊಳ್ಳುತ್ತೇನೆ. ಬಹಳ ದಿನ ಉತ್ತರ ‘ಅಲ್ಲ’ ಎಂದೇ ಇರುತ್ತದೆ. ಮರುದಿನ ಅವರ ಮೆಷಿನ್ ಹತ್ತಿರ ಹೋಗಿ ಹೇಳುತ್ತೇನೆ. ಮನುಷ್ಯರ ಮುಂದೆ ಹೇಳಿಕೊಳ್ಳುವ ಭಾಗ್ಯ ನನಗಿನ್ನೂ ಸಿಕ್ಕಿಲ್ಲ. ನಿಮ್ಮ ಪ್ರಶ್ನೆ ಓದಿದ ಮೇಲೆ ಬೇಕು ಎನಿಸುತ್ತಿದೆ.

---

ಪ್ರಶ್ನೆ ಕೇಳಿದವರ ಮರುಬರಹ: ಬಯಲುಸೀಮೆಯ ಮುಖ್ಯಶಿಕ್ಷಕಿ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು, ಕ್ಷಮಿಸಿ. ಏನಾದರೂ ಮಾಡಿದ ಮೇಲೆಯೇ ಬರೆಯಬೇಕು ಎಂದುಕೊಂಡಿದ್ದೆ.

ಮೇಷ್ಟ್ರು ಹೇಳಿದ ಹಾಗೆ, ಊಟದ ಹೊತ್ತಿನಲ್ಲಿ, ಮಕ್ಕಳು ಸಾಲಿನಲ್ಲಿ ನಿಂತಿರುವಾಗಲೇ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದೆ. ‘ಅವತ್ತು ನಾನು ನಿಮ್ಮ ಮೇಲೆ ಕೂಗಿದ್ದು ತಪ್ಪು. ನಿಮ್ಮದೇನೂ ತಪ್ಪಿರಲಿಲ್ಲ.’ ಇಷ್ಟೇ ಹೇಳಲು ಗಂಟಲು ಕಟ್ಟಿತು. ಮಕ್ಕಳು ಸದ್ದಿಲ್ಲದೆ ನಿಂತಿದ್ದರು. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಎದ್ದು ನಿಂತಳು. ಕಣ್ಣೀರು ಹಾಕುತ್ತಾಳೆ ಎಂದುಕೊಂಡಿದ್ದೆ. ಹಾಕಲಿಲ್ಲ. ‘ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ ಆರು ದಿನ ಆಯಿತು ಮೇಡಂ. ಸುಲಿಯುವುದಕ್ಕೆ ನಾವು ಅದೇ ಇಬ್ಬರು. ಆರುವುದಕ್ಕೆ ಬಿಟ್ಟರೆ ಗಂಟೆ ಹೊಡೆದುಬಿಡುತ್ತದೆ’ ಎಂದಳು.

ಮಕ್ಕಳಿಗೆ ದಿನವೂ ಮೊಟ್ಟೆ ಸಿಗುತ್ತಿದೆ ಎಂದು ನಾನು ಸಂತೋಷಪಟ್ಟಿದ್ದೆ. ಅದನ್ನು ಸುಲಿಯುವ ಕೈಗಳ ಲೆಕ್ಕವನ್ನು ಒಂದು ದಿನವೂ ಹಾಕಿರಲಿಲ್ಲ. ಅಂದಿನಿಂದ ಮೊಟ್ಟೆ ಬೇಯಿಸುವುದನ್ನು ಮುಕ್ಕಾಲು ಗಂಟೆ ಮೊದಲೇ ಶುರು ಮಾಡುತ್ತಿದ್ದೇವೆ, ತಣ್ಣೀರಿಗೆ ಎರಡು ದೊಡ್ಡ ಬೋಗುಣಿ ತರಿಸಿದ್ದೇವೆ. ನಾನೂ ಎರಡು ದಿನ ಜೊತೆಗೆ ಕುಳಿತು ಸುಲಿದೆ. ನೂರರ ಹತ್ತಿರ ಮೊಟ್ಟೆ ಸುಲಿಯುವಷ್ಟರಲ್ಲಿ ಬೆರಳಿನ ಚರ್ಮ ನೆನೆದು ಸುಕ್ಕಾಗುತ್ತದೆ, ಸಿಪ್ಪೆಯ ಒಳಪೊರೆ ಕೈಗೆ ಅಂಟಿಕೊಂಡು ಬಿಡುವುದೇ ಇಲ್ಲ. ಇನ್ನೊಬ್ಬ ಸಹಾಯಕಿ ಬೇಕೆಂಬ ವಿಷಯವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇಟ್ಟಿದ್ದೇನೆ. ಏನಾಗುತ್ತದೋ ನೋಡಬೇಕು.

ಕೂಟದ ವಿಷಯ. ಅವತ್ತು ಸಭೆಯಲ್ಲಿ ನನ್ನ ಜೊತೆ ಎದ್ದು ನಿಂತಿದ್ದ ಇಬ್ಬರಿಗೆ ಫೋನ್ ಮಾಡಿದೆ. ಒಬ್ಬರು ಮೇಡಂ, ಒಬ್ಬರು ಸರ್. ‘ನಿಮಗೂ ಆ ರಾತ್ರಿ ನಿದ್ದೆ ಬಂತೇ?’ ಎಂದಷ್ಟೇ ಕೇಳಿದೆ. ಆ ಸರ್ ಬಹಳ ಗಟ್ಟಿ ಮನುಷ್ಯ ಎಂದು ನಾನು ಅಂದುಕೊಂಡಿದ್ದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಅವರ ದನಿಯೇ ಬರಲಿಲ್ಲ.

ಹೋದ ಶನಿವಾರ ಆ ಮೇಡಂ ಮನೆಯ ಹಿಂದಿನ ಹುಣಸೆ ಮರದ ಕೆಳಗೆ ಮೂರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತೆವು. ಮೊದಲ ಸರದಿ ನನ್ನದು. ಮೊಟ್ಟೆಯ ಕಥೆ ಹೇಳಬೇಕೆಂದು ಹೋಗಿದ್ದೆ. ಬಾಯಿ ತೆರೆದಾಗ ಬಂದದ್ದು ನನ್ನ ಮುಖ ನೋಡದ ಆ ಹುಡುಗಿಯ ಕಥೆ. ಹೇಳಿ ಮುಗಿಸಿ, ಸಮಾಲೋಚಕಿ ಮೇಡಂ ಬರೆದಂತೆ ಕುರ್ಚಿ ಹಿಂದಕ್ಕೆ ಎಳೆದುಕೊಂಡೆ. ಮಣ್ಣಿನಲ್ಲಿ ಕುರ್ಚಿಯ ಕಾಲು ಸಿಕ್ಕಿ ಸರಿಯಲಿಲ್ಲ, ಎದ್ದು ಎತ್ತಿ ಇಟ್ಟುಕೊಂಡೆ. ಅವರಿಬ್ಬರು ನಾನು ಅಲ್ಲಿಲ್ಲ ಎಂಬಂತೆ ಮಾತಾಡಿಕೊಂಡರು. ‘ಅವಳಿಗೆ ಮದುವೆ ನಿಂತದ್ದಕ್ಕೆ ಸಿಟ್ಟಿಲ್ಲದೆ ಇರಬಹುದು. ಮೇಡಂ ಮುಂದೆ ಅವಳ ಅಪ್ಪ ಕೈಮುಗಿದು ನಿಂತದ್ದನ್ನು ಅವಳು ನೋಡಿದ್ದಾಳೆ. ಆ ನೆನಪು ಇರಬಹುದು’ ಎಂದರು ಆ ಸರ್. ನನಗೆ ಇದು ಹೊಳೆದೇ ಇರಲಿಲ್ಲ. ನಾನು ಅವಳ ಭವಿಷ್ಯ ಒಂದನ್ನೇ ನೋಡುತ್ತಿದ್ದೆ. ಅಪ್ಪ ಇನ್ನೊಬ್ಬರ ಮುಂದೆ ತಲೆ ತಗ್ಗಿಸಿ ನಿಂತರೆ ಮಗಳಿಗೆ ಹೇಗಾಗುತ್ತದೆ ಎಂಬುದನ್ನು, ಎಲ್ಲರೆದುರು ನಿಂತು ಬಂದ ನಾನೇ ಮರೆತಿದ್ದೆ.

ಸೋಮವಾರ ಅವಳನ್ನು ಕರೆದು ಏನೂ ಕೇಳಲಿಲ್ಲ. ಅವಳ ಅಪ್ಪನನ್ನು ಪೋಷಕರ ಸಭೆಗೆ ನಾನೇ ಹೋಗಿ ಕರೆದೆ, ಶಾಲೆಯ ಬೇಲಿಯ ವಿಷಯದಲ್ಲಿ ಅವರ ಸಲಹೆ ಬೇಕಿತ್ತು. ಅವರು ಬೇಲಿ ಕಟ್ಟುವುದರಲ್ಲಿ ನುರಿತವರು. ಬಂದರು, ಎಲ್ಲರ ಮುಂದೆ ಕುಳಿತು ಮಾತಾಡಿದರು. ಹುಡುಗಿ ಕಿಟಕಿಯಿಂದ ನೋಡುತ್ತಿದ್ದಳು.

ಹೊಲಿಗೆ ಘಟಕದ ಸಹೋದರರಿಗೆ: ನಿಮ್ಮ ತಕರಾರನ್ನು ಆ ದಿನವೇ ಅವರಿಬ್ಬರಿಗೂ ಓದಿ ಹೇಳಿದೆ. ಮೂವರ ಶಾಲೆಯಲ್ಲೂ ಅತಿಥಿ ಶಿಕ್ಷಕರ ಗೌರವಧನ ಬಾಕಿ ಇದೆ. ಎಷ್ಟು ತಿಂಗಳು, ಎಷ್ಟು ತರಗತಿ ಎಂದು ಒಂದೇ ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿದ್ದೇವೆ. ಸಭೆಯಲ್ಲಿ ಎದ್ದು ನಿಲ್ಲಿಸುವುದರ ಬಗ್ಗೆ ಬರೆಯಲು ಇನ್ನೂ ಧೈರ್ಯ ಬಂದಿಲ್ಲ. ಅದಕ್ಕೆ ಇನ್ನೂ ನಾಲ್ಕು ಸಹಿ ಬೇಕು. ಇಬ್ಬರು ಒಪ್ಪಿದ್ದಾರೆ.

ನಿದ್ದೆ ಈಗ ಪರವಾಗಿಲ್ಲ. ನಡುರಾತ್ರಿ ಎಚ್ಚರವಾಗುವುದು ಪೂರ್ತಿ ನಿಂತಿಲ್ಲ. 14416 ಸಂಖ್ಯೆಯನ್ನು ಶಿಕ್ಷಕರ ಕೋಣೆಯ ಫಲಕದ ಮೇಲೆ, ರಜಾ ಪಟ್ಟಿಯ ಪಕ್ಕದಲ್ಲಿ ಬರೆದಿದ್ದೇನೆ. ಗಣಿತದ ಮೇಡಂ ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು.

ಮುಂದಿನ ಶನಿವಾರ ಆ ಸರ್ ಸರದಿ. ನಾನು ಹನ್ನೆರಡೂವರೆಯ ಬಸ್ಸಿಗೆ ಹೊರಡುತ್ತೇನೆ.